ನೆಲ ಬಿಡುವ ಮೊದಲು

ಕಾಲು ನೆಲ ಬಿಟ್ಟು ಐದು ನಿಮಿಷ ದಾಟಿದೆ. ತಲೆಯ ಮೇಲಿರುವುದು ಕೊಂಬೆಯಲ್ಲ, ಅಂಗಡಿಯ ಚಾವಣಿಯಡಿ ಅಡ್ಡ ಹಾಕಿದ ಉಕ್ಕಿನ ತೊಲೆ. ಅದರಿಂದ ಇಳಿಬಿಟ್ಟ ಹಗ್ಗದಲ್ಲಿ, ಸೊಂಟಕ್ಕೂ ತೊಡೆಗೂ ಹಾರ್ನೆಸ್ ಬಿಗಿದುಕೊಂಡು ನೀವು ತೂಗಾಡುತ್ತಿದ್ದೀರಿ. ದಕ್ಷಿಣ ಇಂಗ್ಲೆಂಡಿನ ಒಂದು ಸಣ್ಣ ಊರಿನ ಅಂಚು, ಅಕ್ಟೋಬರಿನ ಬೆಳಗು, ಹೊರಗೆ ಜಿನುಗು ಮಳೆ. ಮರ ಹತ್ತುವವರ ಸಾಮಾನು ಮಾತ್ರ ಮಾರುವ ಅಂಗಡಿ ಇದು. ಗೋಡೆ ತುಂಬ ಬಣ್ಣಬಣ್ಣದ ಹಗ್ಗದ ಸುರುಳಿಗಳು, ಗಾಜಿನ ಕಪಾಟಿನಲ್ಲಿ ಸಾಲಾಗಿ ಅಲ್ಯೂಮಿನಿಯಂ ಕೊಂಡಿಗಳು, ಹೊಸ ನೈಲಾನಿನ ವಾಸನೆ.

ಎಡತೊಡೆಯ ಒಳಬದಿಯಲ್ಲಿ ಪಟ್ಟಿ ಕಚ್ಚತೊಡಗಿದೆ. ಹೇಳಲೋ ಬೇಡವೋ ಎಂದು ನೀವು ಯೋಚಿಸುತ್ತಿರುವಾಗಲೇ ಅಂಗಡಿಯಾಕೆ ಕೇಳುತ್ತಾಳೆ: "ನೋಯುತ್ತಿದೆ ಅಲ್ಲವೇ? ಇಲ್ಲಿ ಐದು ನಿಮಿಷಕ್ಕೆ ಕಚ್ಚುವುದು ಮರದ ಮೇಲೆ ಐದು ಗಂಟೆಯೂ ಕಚ್ಚುತ್ತದೆ. ಇಳಿಯಿರಿ, ಮುಂದಿನದನ್ನು ಹಾಕಿ ನೋಡೋಣ."

ಕಳೆದ ಕೆಲವು ತಿಂಗಳು ನೀವು ನೆಲದಲ್ಲೇ ದುಡಿದಿದ್ದೀರಿ. ಮೇಲಿನಿಂದ ಬಿದ್ದ ಕೊಂಬೆಗಳನ್ನು ಎಳೆದು ಚಿಪ್ಪರ್ ಯಂತ್ರದ ಬಾಯಿಗೆ ಕೊಡುವುದು, ಹಗ್ಗ ಸುತ್ತುವುದು, ರಸ್ತೆಯಲ್ಲಿ ಜನರನ್ನು ತಡೆಯುವುದು. ಮುಂದಿನ ತಿಂಗಳು ಮರ ಹತ್ತುವ ಮತ್ತು ಮರದಲ್ಲಿ ಸಿಕ್ಕಿಕೊಂಡವರನ್ನು ಇಳಿಸುವ ತರಬೇತಿ. ಬ್ರಿಟನ್ನಿನ ಆರ್ಬರಿಸ್ಟ್‌ಗಳು, ಅಂದರೆ ಮರ ಹತ್ತಿ ಸವರುವ ವೃತ್ತಿಯವರು, ಅದನ್ನು ಇವತ್ತಿಗೂ ಹಳೆಯ ಸಂಕೇತದಿಂದಲೇ ಕರೆಯುತ್ತಾರೆ: ಸಿಎಸ್ 38. ಅದಕ್ಕೆ ಸ್ವಂತ ಸಲಕರಣೆ ಇದ್ದರೆ ಒಳ್ಳೆಯದು ಎಂದು ತಂಡದ ಹಿರಿಯ ನಿಮ್ಮನ್ನು ಇಲ್ಲಿಗೆ ಕರೆತಂದಿದ್ದಾನೆ. ದಾರಿಯಲ್ಲಿ ಆತ ಹೇಳಿದ್ದು ಒಂದೇ ಮಾತು. ಬೇಗ ಏರಿಸುವ ವಸ್ತುವಿಗೆ ದುಡ್ಡು ಹಾಕಬೇಡ, ಹಿಡಿದಿಟ್ಟುಕೊಳ್ಳುವ ವಸ್ತುವಿಗೆ ಹಾಕು.

ಎರಡನೆಯ ಹಾರ್ನೆಸ್ ಅಷ್ಟು ಚಂದವಿಲ್ಲ. ಬಣ್ಣ ಮಂಕು, ಪಟ್ಟಿಗಳು ಅಗಲ. ಆದರೆ ಅದನ್ನು ತೊಟ್ಟು ಕೂತ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಬೆನ್ನಿನ ದಿಂಬು ಸೊಂಟದ ಮೂಳೆಗಿಂತ ತುಸು ಮೇಲೆ ಕೂತಿದೆ, ಕೆಳಗೆ ಜಾರುತ್ತಿಲ್ಲ. ತೊಡೆಯ ಪಟ್ಟಿಗೂ ಪ್ಯಾಂಟಿಗೂ ನಡುವೆ ಅಂಗೈ ಚಪ್ಪಟೆಯಾಗಿ ಹೋಗುತ್ತದೆ, ಮುಷ್ಟಿ ಹೋಗುವುದಿಲ್ಲ. ಕೆಲಸದ ದಪ್ಪ ಪ್ಯಾಂಟು, ಜಾಕೆಟ್ಟು ಹಾಕಿಕೊಂಡೇ ಬರಬೇಕೆಂದು ಆತ ಹೇಳಿದ್ದು ಯಾಕೆಂದು ಈಗ ಅರ್ಥವಾಗುತ್ತದೆ. ತೆಳು ಬಟ್ಟೆಯ ಮೇಲೆ ಸರಿಹೊಂದಿದ್ದು ಚಳಿಗಾಲದ ಉಡುಪಿನ ಮೇಲೆ ಸರಿಹೊಂದುವುದಿಲ್ಲ.

ಹಾರ್ನೆಸ್‌ನ ಚೀಟಿ ತಿರುಗಿಸಿ ಓದಿ. ಎರಡು ಯುರೋಪಿಯನ್ ಮಾನದಂಡಗಳ ಸಂಖ್ಯೆ ಅಲ್ಲಿರಬೇಕು. ಇಎನ್ 813 ಇದ್ದರೆ ಕುಳಿತ ಭಂಗಿಯಲ್ಲಿ ನಿಮ್ಮ ಭಾರ ಹೊರುತ್ತದೆ. ಇಎನ್ 358 ಇದ್ದರೆ ಪಕ್ಕದ ಬಳೆಗಳಿಗೆ ಹಗ್ಗ ಸಿಕ್ಕಿಸಿ ಕಾಂಡಕ್ಕೆ ಒರಗಿ ಕೆಲಸ ಮಾಡಬಹುದು. ಕಟ್ಟಡ ಕಾರ್ಮಿಕರ ಹಾರ್ನೆಸ್ ಬೀಳುವವರನ್ನು ತಡೆಯಲೆಂದು ಹೊಲಿದದ್ದು, ದಿನವಿಡೀ ಕೂರಲು ಅದು ಆಗದು. ಹೊಟ್ಟೆಯ ಮುಂದೆ ಎರಡು ಬಳೆಗಳ ನಡುವೆ ಗೇಣುದ್ದದ ಒಂದು ಹಗ್ಗವಿದೆ, ಬ್ರಿಡ್ಜ್ ಎನ್ನುತ್ತಾರೆ. ಅದರ ಮೇಲೊಂದು ಉಂಗುರ ಓಡಾಡುತ್ತದೆ. ನೀವು ಎಡಕ್ಕೆ ವಾಲಿ, ಬಲಕ್ಕೆ ತಿರುಗಿ, ಕೈ ಚಾಚಿ. ಉಂಗುರ ಸರಿದು ಸರಿದು ಭಾರವನ್ನು ಹೊಂದಿಸಿಕೊಳ್ಳುತ್ತದೆ. ಇಡೀ ಜೀವ ತೂಗುವುದು ಈ ಗೇಣುದ್ದದ ಹಗ್ಗದಲ್ಲಿ. ಎಲ್ಲಕ್ಕಿಂತ ಮೊದಲು ಸವೆಯುವುದೂ ಇದೇ. ಆದ್ದರಿಂದ ಇದನ್ನು ಬಿಚ್ಚಿ ಹೊಸದು ಹಾಕುವ ಅನುಕೂಲ ಇದೆಯೇ, ಬಿಡಿ ಬ್ರಿಡ್ಜ್ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಅಂಗಡಿಯಾಕೆ ಕಪಾಟಿನಿಂದ ಒಂದನ್ನು ತೆಗೆದು ತೋರಿಸುತ್ತಾಳೆ. ಹಾರ್ನೆಸ್ ಆಯ್ಕೆ ಮುಗಿಯಿತು.

ಈಗ ಹಗ್ಗದ ಗೋಡೆಯ ಮುಂದೆ ನಿಂತಿದ್ದೀರಿ. ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ. ಕೈ ಹೋಗಬೇಕಾದ್ದು ತುದಿಗೆ. ಕತ್ತರಿಸಿಟ್ಟ ಒಂದು ತುಂಡನ್ನು ಎತ್ತಿಕೊಂಡು ತುದಿ ನೋಡಿ. ಒಳಗೆ ತಿರುಳು, ಹೊರಗೆ ಹೆಣೆದ ಕವಚ. ತಿರುಳು ಭಾರ ಹೊರುತ್ತದೆ, ಕವಚ ಸವೆತ ತಾಳುತ್ತದೆ ಮತ್ತು ಗಂಟಿಗೆ ಹಿಡಿತ ಕೊಡುತ್ತದೆ. ಬೆರಳಲ್ಲಿ ಒತ್ತಿದರೆ ಒಳ್ಳೆಯ ಹಗ್ಗ ಪೂರ್ತಿ ಚಪ್ಪಟೆಯಾಗುವುದಿಲ್ಲ. ಚೀಟಿಯಲ್ಲಿ ಇಎನ್ 1891, ಟೈಪ್ ಎ ಎಂದಿರಬೇಕು. ಅಂಥ ಹಗ್ಗ ಕನಿಷ್ಠ 22 ಕಿಲೋನ್ಯೂಟನ್ ಎಳೆತ ತಾಳಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 2,200 ಕಿಲೋ ತೂಕ.

"ನಾನು ಎಪ್ಪತ್ತು ಕಿಲೋ ಇದ್ದೇನೆ, ಇಷ್ಟೊಂದು ಯಾಕೆ?" ಎಂದು ನೀವು ಕೇಳುತ್ತೀರಿ. ಹಿರಿಯ ಉತ್ತರಿಸುತ್ತಾನೆ: ಗಂಟು ಹಾಕಿದಲ್ಲಿ ಶಕ್ತಿ ಕಡಿಮೆಯಾಗುತ್ತದೆ, ಸವೆತದಲ್ಲಿ ಕಡಿಮೆಯಾಗುತ್ತದೆ, ಜಾರಿದಾಗಿನ ಹಠಾತ್ ಎಳೆತ ತೂಕಕ್ಕಿಂತ ಎಷ್ಟೋ ಪಟ್ಟು. ಉಳಿದಿರುವ ಅಂತರವೇ ನಿನ್ನ ಆಯುಸ್ಸು.

ಇನ್ನೊಂದು ಮಾತನ್ನು ಆತ ನಿಧಾನವಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾನೆ. ಬಂಡೆ ಹತ್ತುವವರ ಹಗ್ಗ ಹಿಗ್ಗುತ್ತದೆ, ಬಿದ್ದವರ ಏಟನ್ನು ನುಂಗುತ್ತದೆ. ಮರದವರ ಹಗ್ಗ ಹಾಗೆ ಹಿಗ್ಗುವುದಿಲ್ಲ, ಹಿಗ್ಗಿದರೆ ಒಂದೆಡೆ ನಿಂತು ಕೆಲಸ ಮಾಡಲಾಗದು. ಆದ್ದರಿಂದ ಹಗ್ಗ ಸಡಿಲ ಬಿಟ್ಟುಕೊಂಡು ಹತ್ತಬಾರದು, ಹಗ್ಗ ಹಾದ ಕವಲಿಗಿಂತ ಮೇಲೆ ಹೋಗಬಾರದು. ಒಂದೆರಡು ಮೀಟರ್ ಸಡಿಲಿನಲ್ಲಿ ಬಿದ್ದರೂ ಹಗ್ಗ ಉಳಿಯಬಹುದು, ಬೆನ್ನುಮೂಳೆ ಉಳಿಯದಿರಬಹುದು.

ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್ ದಪ್ಪದವು ಸಿಗುತ್ತವೆ. ಕಲಿಯುವವರಿಗೆ ತುಸು ದಪ್ಪವೇ ವಾಸಿ, ಅಂಗೈ ತುಂಬ ಹಿಡಿತ ಸಿಗುತ್ತದೆ. ಉದ್ದ 45 ಮೀಟರ್. ನೀವು ಮೊದಲು ಕಲಿಯುವ ವಿಧಾನದಲ್ಲಿ ಹಗ್ಗ ಕವಲಿನ ಮೇಲೆ ಹಾದು ಮತ್ತೆ ನಿಮ್ಮ ಬಳಿಗೇ ಬರುತ್ತದೆ. 20 ಮೀಟರ್ ಎತ್ತರದ ಕವಲಿಗೆ 40 ಮೀಟರ್ ಹಗ್ಗ ಅಲ್ಲಿಗೇ ಹೋಯಿತು. ತುದಿಯಲ್ಲಿ ಎಂಟರಾಕಾರದ ಗಂಟು ಇರಲೇಬೇಕು. ಅದಿಲ್ಲದೆ ಇಳಿಯುತ್ತ ಇಳಿಯುತ್ತ ಹಗ್ಗದ ಕೊನೆ ದಾಟಿ ಬಿದ್ದವರಿದ್ದಾರೆ.

ಹಿರಿಯ ಈಗ ನಿಮ್ಮನ್ನು ಮತ್ತೆ ತೊಲೆಯಡಿ ನಿಲ್ಲಿಸಿ ಬೆರಳುದಪ್ಪದ ಇನ್ನೊಂದು ಹಗ್ಗದ ತುಂಡು ಕೈಗೆ ಕೊಡುತ್ತಾನೆ. ತೋಳುದ್ದವೂ ಇಲ್ಲ, ಎರಡು ತುದಿಯಲ್ಲೂ ಹೊಲಿದ ಕಣ್ಣು. ಅದನ್ನು ಮುಖ್ಯ ಹಗ್ಗದ ಸುತ್ತ ಸುತ್ತಬೇಕು. ಮೇಲೆ ನಾಲ್ಕು ಸುತ್ತು, ಕೆಳಗೆ ಒಂದು. ಸುತ್ತುಗಳು ಒಂದರ ಮೇಲೊಂದು ಹತ್ತಬಾರದು, ಪಕ್ಕಪಕ್ಕಕ್ಕೆ ಕೂರಬೇಕು. ಎರಡು ಕಣ್ಣುಗಳನ್ನೂ ಕೊಂಡಿಗೆ ಹಾಕಿ, ಗಂಟನ್ನು ಕೈಯಿಂದ ಒತ್ತಿ ಸರಿಪಡಿಸಿ, ಮೆಲ್ಲಗೆ ಕೂರಿ. ಸುತ್ತುಗಳು ಬಿಗಿದುಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಕವಚದೊಳಕ್ಕೆ ಕಚ್ಚಿ, ಒಂದು ಬೆರಳಗಲ ಜಾರಿ, ನಿಲ್ಲುತ್ತದೆ. ಅದಕ್ಕೆ ನೀವು ಪೂರ್ತಿ ಭಾರ ಬಿಟ್ಟಿದ್ದೀರಿ. ಈಗ ಸುತ್ತುಗಳ ತಲೆಯನ್ನು ಅಂಗೈಯಿಂದ ಕೆಳಗೆ ಒತ್ತಿ. ಗಂಟು ಸಡಿಲುತ್ತದೆ, ನೀವು ಇಳಿಯುತ್ತೀರಿ. ಕೈ ತೆಗೆಯಿರಿ. ನಿಂತಿರಿ.

1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ ಪ್ರಚಾರಕ್ಕೆ ತಂದ ಗಂಟಿನ ತತ್ವ ಇದು. ಮರದವರು ಇಂದು ಬಳಸುವ ಬ್ಲೇಕ್ಸ್, ಡಿಸ್ಟೆಲ್, ವಾಲ್ಡೋಟೆನ್ ಟ್ರೆಸ್ ಮುಂತಾದ ಹಿಚ್‌ಗಳು, ಅಂದರೆ ಹಗ್ಗವನ್ನು ಕಚ್ಚಿಕೊಳ್ಳುವ ಗಂಟುಗಳೆಲ್ಲ, ಘರ್ಷಣೆಯ ಇದೇ ತತ್ವದ ಮೇಲೆ ನಿಂತಿವೆ. ಆದರೆ ಘರ್ಷಣೆ ಎಂದರೆ ಬಿಸಿ. ವೇಗವಾಗಿ ಇಳಿದರೆ ಗಂಟಿನೊಳಗೆ ಬಿಸಿ ಏರುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಡೈನೀಮಾದಂಥ ಪಾಲಿಎಥಿಲೀನ್ ಎಳೆ 150 ಡಿಗ್ರಿ ತಲುಪುವುದರೊಳಗೆ ಸೋಲುತ್ತದೆ, ಅರಾಮಿಡ್ ಎಳೆ ಕರಗುವುದೇ ಇಲ್ಲ. ಹಾಗಾಗಿ ಹಿಚ್ ಹಗ್ಗದ ಹೊರಕವಚ ಅರಾಮಿಡ್ ಬೆರೆತದ್ದಾಗಿರಲಿ. ತೆಳು, ಬಲಶಾಲಿ ಎಂಬ ಆಸೆಗೆ ಡೈನೀಮಾ ತುಂಡನ್ನು ಇಲ್ಲಿ ಬಳಸಬೇಡಿ.

ಆತ ಎಚ್ಚರಿಸುವ ಅಪಾಯ ಇನ್ನೊಂದಿದೆ. ಕಾಲು ಜಾರಿದ ಕ್ಷಣ ಮನುಷ್ಯನ ಕೈ ಎದುರಿಗಿರುವುದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಎದುರಿಗಿರುವುದು ಈ ಗಂಟು. ಹಿಡಿದು ಕೆಳಗೆಳೆದರೆ ಗಂಟು ಸಡಿಲಿ ಜಾರುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಗಂಟನ್ನು ಬಿಟ್ಟುಬಿಡುವ ಅಭ್ಯಾಸ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲೇ ಕೈಗೆ ಬರಬೇಕು. ಆದ್ದರಿಂದಲೇ ಆತ ನಿಮ್ಮನ್ನು ಮತ್ತೆ ಮತ್ತೆ ಅಲುಗಾಡಿಸುತ್ತಾನೆ, ಬೆನ್ನಿಗೆ ತಟ್ಟುತ್ತಾನೆ, "ಕೈ ಬಿಡು" ಎನ್ನುತ್ತಾನೆ.

ಕಪಾಟಿನಲ್ಲಿ ಹೊಳೆಯುತ್ತಿರುವ ಪೆಟ್ಜಲ್ ಕಂಪನಿಯ ಜಿಗ್‌ಜಾಗ್ ನಿಮ್ಮ ಕಣ್ಣಿಗೆ ಬಿದ್ದಿದೆ. ಲೋಹದ ಕೊಂಡಿಗಳ ಸರಪಳಿ ಗಂಟಿನ ಕೆಲಸ ಮಾಡುತ್ತದೆ, ಬೆಣ್ಣೆಯ ಹಾಗೆ ಜಾರುತ್ತದೆ. ತಂಡದ ಅನುಭವಿಗಳೆಲ್ಲ ಅಂಥದ್ದನ್ನೇ ಬಳಸುತ್ತಾರೆ. ಒಳ್ಳೆಯ ಸಾಧನವೇ, ಮುಂದೊಂದು ದಿನ ಕೊಳ್ಳುವಿರಂತೆ. ಆದರೆ ಮೊದಲ ಸೆಟ್ಟಿಗೆ ಹಗ್ಗದ ಹಿಚ್ ಬೇಕು. ಕೈಯಾರೆ ಕಟ್ಟಿದ ಗಂಟು ತಾನು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಗೆ ತೋರಿಸುತ್ತದೆ. ಯಂತ್ರ ಮೇಲೆ ಕೈಕೊಟ್ಟ ದಿನ ಇಳಿಸಿ ತರುವುದೂ ಆ ಗಂಟೇ.

ಕೊಂಡಿಗಳಿಗೆ ಬನ್ನಿ. ಕ್ಯಾರಬೀನರ್‌ನ ಬಾಗಿಲು ತೆರೆಯಲು ಮೂರು ಚಲನೆ ಬೇಕು. ಎತ್ತಿ, ತಿರುಗಿಸಿ, ಒಳಗೆ ಒತ್ತಿ. ಬಿಟ್ಟ ಕೂಡಲೇ ತಾನೇ ಮುಚ್ಚಿ ಬೀಗ ಬೀಳಬೇಕು. ತಿರುಪು ಹಾಕಿ ಮುಚ್ಚುವಂಥದ್ದು ಇಲ್ಲಿ ಬೇಡ, ಹಗ್ಗದ ಓಡಾಟಕ್ಕೆ ತಿರುಪು ತಾನಾಗಿ ಬಿಚ್ಚಿಕೊಳ್ಳಬಹುದು. ಬೆನ್ನಿನ ಮೇಲೆ ಕೊರೆದ ಅಂಕಿ ನೋಡಿ: ಉದ್ದಕ್ಕೆ 20 ಕಿಲೋನ್ಯೂಟನ್‌ಗಿಂತ ಹೆಚ್ಚು, ಅಡ್ಡಕ್ಕೆ ಅದರ ಮೂರನೇ ಒಂದು ಪಾಲಿನ ಆಸುಪಾಸು. ಕೊಂಡಿ ತಿರುಗಿ ಅಡ್ಡ ಬಿದ್ದರೆ ಅದೇ ಲೋಹದ ಬಲ ಅಷ್ಟು ಇಳಿಯುತ್ತದೆ. ಪ್ರತಿ ಸಲ ಹಾಕಿದಾಗಲೂ ಬೀಗ ಬಿದ್ದ ಸದ್ದು ಕೇಳಿ, ಕಣ್ಣಿಂದ ನೋಡಿ, ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿ. ವೇಲ್ಸ್‌ನ ಲಾನ್‌ಬೆರಿಸ್‌ನಲ್ಲಿರುವ ಡಿಎಂಎಂ ಕಂಪನಿಯವು ಇಲ್ಲಿನ ಕಪಾಟಿನಲ್ಲಿ ಹೆಚ್ಚು. ನೀವು ಆರು ಕೊಂಡಿ ಆರಿಸುತ್ತೀರಿ.

ಮುಂದಿನದು ಲ್ಯಾನ್ಯಾರ್ಡ್. ಮೂರರಿಂದ ಐದು ಮೀಟರಿನ ತುಂಡು ಹಗ್ಗ. ಕಾಂಡವನ್ನು ಬಳಸಿ ತಂದು ಹಾರ್ನೆಸ್‌ನ ಇನ್ನೊಂದು ಪಕ್ಕದ ಬಳೆಗೆ ಸಿಕ್ಕಿಸುವುದಕ್ಕೆ. ಮುಖ್ಯ ಹಗ್ಗವನ್ನು ಒಂದು ಕವಲಿನಿಂದ ಮೇಲಿನ ಕವಲಿಗೆ ದಾಟಿಸುವಾಗ ನಿಮ್ಮನ್ನು ಹಿಡಿದಿರುವುದು ಇದು. ಅದರೊಳಗೆ ಉಕ್ಕಿನ ತಂತಿ ಇರುವುದೂ ಸಿಗುತ್ತದೆ. ಕೈಗರಗಸ ತಾಗಿದರೆ ಅದು ತಡೆದೀತು, ಚೈನ್‌ಸಾಗೆ ತಡೆಯಲಾರದು. ತಂತಿ ಇದೆಯೆಂಬ ಧೈರ್ಯದಲ್ಲಿ ಯಾರೂ ಗರಗಸ ಆಡಿಸಬಾರದು.

ಬ್ರಿಟನ್ನಿನ 2005ರ ಎತ್ತರದ ಕೆಲಸದ ನಿಯಮಗಳ ಪ್ರಕಾರ ಹಗ್ಗದ ಮೇಲೆ ದುಡಿಯುವವರಿಗೆ ಬೇರೆ ಬೇರೆ ಆಧಾರಕ್ಕೆ ಕಟ್ಟಿದ ಎರಡು ಹಗ್ಗ ಬೇಕು, ಎರಡನೆಯ ಹಗ್ಗದಿಂದಲೇ ಅಪಾಯ ಹೆಚ್ಚುವ ಸಂದರ್ಭ ಬಿಟ್ಟು. ಮರದ ಕೆಲಸದಲ್ಲಿ ಬಹುಕಾಲ ಒಂದೇ ಹಗ್ಗ ರೂಢಿಯಲ್ಲಿತ್ತು. 2020ರಲ್ಲಿ ಮರ ಆರೈಕೆಯ ವೃತ್ತಿಯವರ ಸಂಘವಾದ ಆರ್ಬೊರಿಕಲ್ಚರಲ್ ಅಸೋಸಿಯೇಷನ್ ಹೊರತಂದ ವೃತ್ತಿಸಂಹಿತೆಯ ನಂತರ ಎರಡು ಹಗ್ಗದ ಪದ್ಧತಿ ಗಟ್ಟಿಯಾಯಿತು. ಆದ್ದರಿಂದ ಅಂಗಡಿಯಾಕೆ ಇನ್ನೊಂದು ಹಗ್ಗ, ಇನ್ನೊಂದು ಹಿಚ್ ಮೇಜಿನ ಮೇಲಿಡುತ್ತಾಳೆ, ಬೇರೆ ಬಣ್ಣದ್ದು. ಬಣ್ಣ ಇಲ್ಲಿ ಅಲಂಕಾರಕ್ಕಲ್ಲ. ಯಾವ ಹಗ್ಗ ಯಾವ ಕವಲಿನದು ಎಂದು ಎಲೆಗಳ ನಡುವೆ ಒಂದೇ ನೋಟಕ್ಕೆ ತಿಳಿಯಲು.

ಹೆಲ್ಮೆಟ್ ಸಾಲಿನಲ್ಲಿ ಗಲ್ಲದ ಪಟ್ಟಿ ನೋಡಿ. ಕಾರ್ಖಾನೆಯ ಹೆಲ್ಮೆಟ್ಟಿನ ಪಟ್ಟಿ ಎಲ್ಲೋ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಹತ್ತುವವರ ಹೆಲ್ಮೆಟ್ಟು ಇಎನ್ 12492 ಪ್ರಕಾರ ಬಿಚ್ಚಿಕೊಳ್ಳಬಾರದು. ತೂಗಿ ಹೋಗಿ ಕಾಂಡಕ್ಕೆ ಬಡಿಯುವಾಗ ಅದು ತಲೆಯ ಮೇಲೇ ಇರಬೇಕು. ಜೊತೆಗೆ ಚೈನ್‌ಸಾ ಪ್ಯಾಂಟು. ಟೈಪ್ ಎ ಕಾಲಿನ ಮುಂಭಾಗವನ್ನಷ್ಟೇ ಕಾಯುತ್ತದೆ, ಟೈಪ್ ಸಿ ಸುತ್ತಲೂ ಕಾಯುತ್ತದೆ. ಮೇಲೆ ಗರಗಸ ಯಾವ ದಿಕ್ಕಿನಿಂದ ಕಾಲಿನ ಹತ್ತಿರ ಬರುತ್ತದೆಂದು ಹೇಳಲಾಗದು, ಆದ್ದರಿಂದ ಟೈಪ್ ಸಿ. ಬಾಗಿದ ಅಲಗಿನ ಜಪಾನಿ ಕೈಗರಗಸ ಒಂದು; ಎಳೆದಾಗ ಕೊಯ್ಯುತ್ತದೆ, ಒರೆ ಕಾಲಿಗೆ ಕಟ್ಟಿಕೊಳ್ಳುವುದು. ಹಾರ್ನೆಸ್‌ಗೆ ತೂಗುಹಾಕುವ ಪುಟ್ಟ ಪ್ರಥಮ ಚಿಕಿತ್ಸೆಯ ಚೀಲ, ರಕ್ತ ತಡೆಯುವ ಒತ್ತುಪಟ್ಟಿ ಸಮೇತ. ಮರದ ತುದಿಯಲ್ಲಿ ಗಾಯವಾದರೆ ಮೊದಲ ಕೈ ನಿಮ್ಮದೇ.

ಅಂಗಡಿಯ ಮೂಲೆಯಲ್ಲಿ ಕಾಲಿಗೆ ಕಟ್ಟುವ ಉಕ್ಕಿನ ಮುಳ್ಳುಗಳಿವೆ. ಎತ್ತಿಕೊಳ್ಳುವ ಮನಸ್ಸಾಗುತ್ತದೆ, ಅವುಗಳಿಂದ ಹತ್ತುವುದು ಸುಲಭ. ಕೆಳಗಿಡಿ. ಪ್ರತಿ ಹೆಜ್ಜೆಗೂ ಅವು ತೊಗಟೆ ತೂರಿ ಒಳಗಿನ ಕ್ಯಾಂಬಿಯಂ ಪದರಕ್ಕೆ ಗಾಯ ಮಾಡುತ್ತವೆ. ಮರ ದಪ್ಪವಾಗುವುದು ಆ ತೆಳುಪದರದಿಂದ, ಗಾಯದ ದಾರಿಯಲ್ಲಿ ಶಿಲೀಂಧ್ರ ಒಳನುಗ್ಗುತ್ತದೆ. ಕಡಿದುರುಳಿಸುವ ಮರಕ್ಕಷ್ಟೇ ಮುಳ್ಳು, ಸವರುವ ಮರಕ್ಕಲ್ಲ. ಅದರ ದುಡ್ಡಿನಲ್ಲಿ ಕ್ಯಾಂಬಿಯಂ ಸೇವರ್ ಕೊಳ್ಳಿ. ಎರಡು ಬಳೆಗಳಿರುವ ಆ ಪಟ್ಟಿಯನ್ನು ಕವಲಿಗೆ ಹಾಕಿದರೆ ಹಗ್ಗ ತೊಗಟೆಗೆ ಉಜ್ಜದೆ ಬಳೆಗಳಲ್ಲಿ ಓಡುತ್ತದೆ. ಮರವೂ ಉಳಿಯಿತು, ಹಗ್ಗವೂ ಉಳಿಯಿತು. ಮೇಲಿನ ಕವಲಿಗೆ ಹಗ್ಗ ಮುಟ್ಟಿಸಲು ಸಣ್ಣ ದಾರ ಮತ್ತು ಸುಮಾರು 300 ಗ್ರಾಮಿನ ಎಸೆಚೀಲ ಸಾಕು.

ಬಿಲ್ಲು ಸಾವಿರ ಪೌಂಡ್ ದಾಟಿದೆ. ಹಳೆಯದು ಅರ್ಧ ಬೆಲೆಗೆ ಸಿಗುವುದಿಲ್ಲವೇ ಎಂದು ನಿಮಗನ್ನಿಸುತ್ತದೆ. ಕೈಗರಗಸ ಹಳೆಯದಾದರೂ ನಡೆಯುತ್ತದೆ. ಹಾರ್ನೆಸ್, ಹಗ್ಗ, ಹೆಲ್ಮೆಟ್ಟು ಮಾತ್ರ ಚರಿತ್ರೆ ಗೊತ್ತಿಲ್ಲದ ಕೈಯಿಂದ ಬರಕೂಡದು. ಬ್ಯಾಟರಿಯ ಆಮ್ಲದ ಒಂದು ಹನಿ ನೈಲಾನನ್ನು ಒಳಗೊಳಗೇ ತಿನ್ನುತ್ತದೆ, ಹೊರಗೆ ಕಲೆಯೂ ಕಾಣದಿರಬಹುದು. ಹೊಸದರ ಜೊತೆ ಬರುವ ಕಾಗದಗಳನ್ನು ಜೋಪಾನ ಮಾಡಿ. ಎತ್ತುವ ಸಲಕರಣೆಗಳ ಕುರಿತ ಬ್ರಿಟನ್ನಿನ 1998ರ ಲೋಲರ್ ನಿಯಮಗಳ ಪ್ರಕಾರ ಮನುಷ್ಯರನ್ನು ಎತ್ತುವ ಸಲಕರಣೆಯನ್ನು ಆರು ತಿಂಗಳಿಗೊಮ್ಮೆ ಅರ್ಹ ಪರೀಕ್ಷಕರು ನೋಡಬೇಕು. ಪ್ರತಿ ಕೊಂಡಿಗೂ ಒಂದು ಸಂಖ್ಯೆ, ಆ ಸಂಖ್ಯೆಗೊಂದು ದಾಖಲೆ. ಅದಲ್ಲದೆ ಪ್ರತಿ ಬೆಳಗ್ಗೆ ನಿಮ್ಮದೇ ಪರೀಕ್ಷೆ. ಇಡೀ ಹಗ್ಗವನ್ನು ಅಂಗೈಯಲ್ಲಿ ಹಾಯಿಸುತ್ತ ಹೋಗುವುದು, ಮೆತ್ತಗಾದ ಕಡೆ, ಗಟ್ಟಿಯಾದ ಕಡೆ, ಹೊಳಪಾದ ಕಡೆ ನಿಲ್ಲುವುದು.

ಮಧ್ಯಾಹ್ನ ಮಳೆ ನಿಂತಿದೆ. ತಂಡದ ಅಂಗಳದ ಹಿಂದಿನ ಓಕ್ ಮರದಡಿ ಹೊಸ ಚೀಲ ಬಿಚ್ಚುತ್ತೀರಿ. ಹಿರಿಯ ಹಗ್ಗ ಮುಟ್ಟಲು ಬಿಡುವುದಿಲ್ಲ. ಮೊದಲು ಮರದ ಸುತ್ತ ಒಂದು ಸುತ್ತು. ಬುಡದಲ್ಲಿ ಅಣಬೆ ಇದೆಯೇ, ಮಣ್ಣು ಬಿರಿದಿದೆಯೇ, ತುದಿಯಲ್ಲಿ ಒಣರೆಂಬೆ ಇದೆಯೇ, ವಿದ್ಯುತ್ ತಂತಿ ಹತ್ತಿರವಿದೆಯೇ. ಪಕ್ಕದಲ್ಲೇ ಒಂದು ಆ್ಯಶ್ ಮರ, ನೆತ್ತಿ ಬೋಳಾಗಿದೆ. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗ ದೇಶದ ತುಂಬ ಆ್ಯಶ್ ಮರಗಳನ್ನು ಒಣಗಿಸುತ್ತಿದೆ. ರೋಗ ಹೊಕ್ಕ ಆ್ಯಶ್ ಪೆಳಸಾಗಿ ಹೇಳದೆ ಕೇಳದೆ ಮುರಿಯುತ್ತದೆ. "ಅದನ್ನು ಹತ್ತುವಂತಿಲ್ಲ, ಯಂತ್ರದ ತೊಟ್ಟಿಲು ತರಿಸುತ್ತೇವೆ. ನಿನ್ನ ಸಾವಿರ ಪೌಂಡ್ ಆ ಮರವನ್ನು ಗಟ್ಟಿ ಮಾಡುವುದಿಲ್ಲ" ಎನ್ನುತ್ತಾನೆ.

ಓಕ್ ಗಟ್ಟಿಯಾಗಿದೆ. ಎಸೆಚೀಲ ಮೂರನೆಯ ಸಲಕ್ಕೆ ಕವಲು ದಾಟುತ್ತದೆ. ಹಗ್ಗ ಏರುತ್ತದೆ, ಇನ್ನೊಂದು ಕವಲಿಗೆ ಎರಡನೆಯದೂ. ಇಬ್ಬರೂ ಒಟ್ಟಿಗೆ ಜೋತುಬಿದ್ದು ಕವಲುಗಳನ್ನು ಪರೀಕ್ಷಿಸುತ್ತೀರಿ. ನೀವು ಹಿಚ್ ಕಟ್ಟಿ, ಆತನಿಗೆ ತೋರಿಸಿ, ಕೂತು, ಒಂದು ಮೀಟರ್ ಏರಿ, ನಿಂತು, ಮತ್ತೆ ಇಳಿಯುತ್ತೀರಿ. ಇಳಿಯಲು ಬಂದ ಮೇಲೆಯೇ ಏರುವುದು. ಮುಂದಿನ ಸಲ ಎರಡು ಮೀಟರ್. ತೊಡೆ ಕಚ್ಚುತ್ತಿಲ್ಲ. ಕೈಗೆ ಹಗ್ಗ ತುಂಬುತ್ತದೆ. ಕೆಳಗೆ ನೋಡಿದರೆ ಆತ ತನ್ನ ಹಾರ್ನೆಸ್ ತೊಟ್ಟು ಸಿದ್ಧನಾಗಿ ನಿಂತಿದ್ದಾನೆ, ಪಕ್ಕದಲ್ಲಿ ಇನ್ನೊಂದು ಪೂರ್ತಿ ಸೆಟ್ಟು. ಮರದ ಮೇಲೆ ಒಬ್ಬರಿದ್ದರೆ ಅವರನ್ನು ಇಳಿಸಿ ತರಬಲ್ಲ ಇನ್ನೊಬ್ಬರು ಕೆಳಗಿರಲೇಬೇಕು. ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲೇ ತೂಗುತ್ತಿರುವವರ ಜೀವಕ್ಕೆ ಸಮಯ ಕಡಿಮೆ. ಅಗ್ನಿಶಾಮಕದವರು ಬರುವ ತನಕ ಕಾಯಲಾಗದು.

ಇದನ್ನೆಲ್ಲ ಓದುತ್ತಿರುವ ಮಲೆನಾಡಿನವರ, ಕರಾವಳಿಯವರ ಕಣ್ಣ ಮುಂದೆ ಬೇರೊಂದು ಚಿತ್ರ ಬಂದಿರುತ್ತದೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರಿ, ತುದಿಯಲ್ಲಿ ಕೊನೆ ಕೊಯ್ದು, ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟುವ ಕೊನೆಗೌಡರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಜಾರುವ ಮರ ಹತ್ತುವವರೂ ಅವರೇ. ಅವರ ಕೌಶಲ ಇಂಗ್ಲೆಂಡಿನ ಯಾವ ಆರ್ಬರಿಸ್ಟ್‌ಗೂ ಕಡಿಮೆಯದಲ್ಲ. ಆದರೆ ಕೈ ಜಾರಿದರೆ ಹಿಡಿಯುವ ಎರಡನೆಯದೊಂದು ಅವರ ಬಳಿ ಸಾಮಾನ್ಯವಾಗಿ ಇರುವುದಿಲ್ಲ. ಓಕ್ ಮರದ ಸೆಟ್ಟು ಅಡಿಕೆಗೆ ಹಾಗೇ ಹೊಂದದು, ಹಗ್ಗ ಹಾಯಿಸಲು ಅಲ್ಲಿ ಕವಲಿಲ್ಲ. ಸೊಂಟದ ಹಾರ್ನೆಸ್, ಕಾಂಡಕ್ಕೆ ಉರುಳಾಗಿ ಬಿಗಿಯುವ ಲ್ಯಾನ್ಯಾರ್ಡ್, ದಾಟುವಾಗ ಮೊದಲನೆಯದನ್ನು ಬಿಚ್ಚುವ ಮುನ್ನ ಸಿಕ್ಕಿಸಲು ಇನ್ನೊಂದು ಲ್ಯಾನ್ಯಾರ್ಡ್ ಇದ್ದರೆ ಅವರಿಗೂ ಒಂದು ಆಸರೆ ಸಿಗುತ್ತದೆ. ಫೈಬರ್ ದೋಟಿ ಮುಟ್ಟುವ ಕಡೆ ಹತ್ತುವುದೇ ಬೇಡ.

ಬೆಂಗಳೂರಿನ ರಸ್ತೆಬದಿಯಲ್ಲಿ ಬರಿಗಾಲಲ್ಲಿ ಮಚ್ಚು ಹಿಡಿದು ಮಳೆಮರ ಏರುವವರಿಗೂ ಇದೇ ಮಾತು ಸಲ್ಲುತ್ತದೆ. ಅವರನ್ನು ಮರ ಹತ್ತಿಸುವವರು ತೋಟದ ಯಜಮಾನರೋ, ಗುತ್ತಿಗೆದಾರರೋ, ಬಡಾವಣೆಯ ಸಂಘದವರೋ ಯಾರೇ ಆಗಿರಲಿ, ಕೂಲಿ ಮಾತಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಹಾರ್ನೆಸ್ ಇದೆಯೇ? ಇಲ್ಲವೆಂದರೆ ಅದನ್ನು ಕೊಡಿಸುವ ಹೊಣೆ ಹತ್ತುವವರದಲ್ಲ, ಹತ್ತಿಸುವವರದು.